ಭೂಮಿಯ ತಾಪವೂ ರಾಷ್ಟ್ರಗಳ ಹಳೆಯ ಬಾಕಿಯೂ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರೂ ಈಗ ಕಲಿಯುತ್ತಿರುವ ಮಕ್ಕಳ ತಾಯಿತಂದೆಗಳೂ ಓದುವ ಈ ಸಂಚಿಕೆಯಲ್ಲಿ, ರಾಷ್ಟ್ರರಾಷ್ಟ್ರಗಳೊಳಗೆ ನಡೆಯುತ್ತಿರುವ ವ್ಯಾಜ್ಯವೊಂದನ್ನು ಕುರಿತು ಬರೆಯುವುದು ಉಚಿತವೇ ಎಂದು ಕೆಲವರು ಕೇಳಬಹುದು. ಮನೆವಾರ್ತೆ, ವಿದ್ಯಾಭ್ಯಾಸ, ಆರೋಗ್ಯ ಮೊದಲಾಗಿ ಹತ್ತಿರದ ವಿಷಯಗಳು ಎಷ್ಟೋ ಇರಲು, ಈ ದೂರದ ಗೊಡವೆಯು ನಮಗೇತಕ್ಕೆ ಎಂಬ ಪ್ರಶ್ನೆಯು ನ್ಯಾಯವಾದುದೇ ಸರಿ. ಆದರೆ ಒಂದು ಲೆಕ್ಕವನ್ನು ನೋಡಿರಿ. ಭೂಮಿಯನ್ನು ಬಿಸಿಮಾಡುವ ಹೊಗೆಯ ಬಾಬಿನಲ್ಲಿ ತನ್ನ ಜಮಾಖರ್ಚನ್ನು ಸರಿದೂಗಿಸಿ ಸೊನ್ನೆಗೆ ತರುವುದಾಗಿ ನಮ್ಮ ದೇಶವು ಲೋಕದ ಮುಂದೆ ಮಾತು ಕೊಟ್ಟಿರುವುದು 2070ನೆಯ ಇಸವಿಗೆ. 2025ರಲ್ಲಿ 13 ವರ್ಷದವಳಾಗಿ ಎಂಟನೆಯ ತರಗತಿಯ ಬೆಂಚಿನ ಮೇಲೆ ಕುಳಿತಿದ್ದ ಹುಡುಗಿಗೆ ಆಗ 58 ವರ್ಷಗಳಾಗಿರುವುವು. ಮಾತು ಕೊಟ್ಟವರಲ್ಲಿ ಬಹುಮಂದಿ ಅಂದಿಗೆ ಇರಲಾರರು. ಅವಳು ಇರುವಳು, ಅವಳ ಮಕ್ಕಳೂ ಇರುವರು. ಆದಕಾರಣ ಈ ವ್ಯಾಜ್ಯದಲ್ಲಿ ನಮ್ಮ ಹುಡುಗಿಯರೂ ಕಕ್ಷಿಗಾರರೇ ಎಂದು ಎಣಿಸಿ ಬರೆಯುತ್ತೇನೆ.

2025ನೆಯ ಇಸವಿ ನವೆಂಬರ್ ತಿಂಗಳಲ್ಲಿ ಬ್ರೆಜಿಲ್ ದೇಶದ ಬೆಲೆಂ ಎಂಬ ಪಟ್ಟಣದಲ್ಲಿ ಲೋಕದ ರಾಷ್ಟ್ರಗಳ ಪ್ರತಿನಿಧಿಗಳು ಮೂವತ್ತನೆಯ ಸಲ ಸಭೆ ಸೇರಿದರು. ಕಲ್ಲಿದ್ದಲು, ಕಲ್ಲೆಣ್ಣೆ, ನೆಲದೊಳಗಣ ಅನಿಲ ಇವುಗಳನ್ನು ಸುಡುವುದರಿಂದಲೇ ಭೂಮಿಯ ತಾಪವು ಏರುತ್ತಿರುವುದೆಂಬುದರಲ್ಲಿ ಶಾಸ್ತ್ರಜ್ಞರಿಗೆ ಸಂದೇಹವಿಲ್ಲ. ಇವನ್ನು ಬಿಡುವ ಬಗೆಗೆ ಒಂದು ಕ್ರಮವಾದ ಮಾರ್ಗಸೂಚಿಯು ಬೇಕೆಂದು 80ಕ್ಕೂ ಹೆಚ್ಚು ದೇಶಗಳು ಅಲ್ಲಿ ಕೇಳಿಕೊಂಡುವು. ಎಣ್ಣೆ ಮಾರಿ ಬಾಳುವ ರಾಷ್ಟ್ರಗಳು ಮೊದಲಾದವು ಒಪ್ಪಲಿಲ್ಲ. ಕೊನೆಗೆ ಹೊರಟ ನಿರ್ಣಯದಲ್ಲಿ ಆ ಮಾರ್ಗಸೂಚಿಯ ಸುಳಿವೇ ಇರಲಿಲ್ಲ. ಅಮೆರಿಕಾ ಸಂಯುಕ್ತ ಸಂಸ್ಥಾನದ ಸರ್ಕಾರವಂತೂ ತನ್ನ ಹಿರಿಯ ಪ್ರತಿನಿಧಿಗಳಾರನ್ನೂ ಅಲ್ಲಿಗೆ ಕಳುಹಿಸಲೇ ಇಲ್ಲ.

ವರ್ತಮಾನಪತ್ರಿಕೆಗಳಲ್ಲಿ ಇಂತಹ ಸುದ್ದಿಯನ್ನು ಓದಿದವರು ಸಾಮಾನ್ಯವಾಗಿ ಎರಡು ಮಾತುಗಳಲ್ಲಿ ಒಂದನ್ನು ಆಡುವರು. “ಇದೆಲ್ಲಾ ನಮ್ಮನ್ನು ಮೇಲೇಳಗೊಡಿಸದಿರಲು ಐಶ್ವರ್ಯವಂತರು ಹೂಡಿದ ಉಪಾಯ” ಎಂಬುದು ಒಂದು ಮಾತು. “ರಾಜಕಾರಣಿಗಳ ಹಟ, ಎಲ್ಲರೂ ಒಂದೇ” ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಸ್ವಲ್ಪ ಸತ್ಯವುಂಟು. ಎರಡನೆಯದು ಯೋಚನೆ ಮಾಡುವ ಶ್ರಮವನ್ನು ತಪ್ಪಿಸಿಕೊಳ್ಳುವ ಮಾತು. ನನಗೆ ತೋರುವ ಮಟ್ಟಿಗೆ ಇದು ಮುಖ್ಯವಾಗಿ ಹಳೆಯ ಬಾಕಿಯ ವ್ಯಾಜ್ಯ. ಮತ್ತು ಬಾಕಿಯ ವ್ಯಾಜ್ಯಗಳಲ್ಲಿ ಹೇಗೋ ಹಾಗೆಯೇ ಇಲ್ಲಿಯೂ, ಸಾಲ ಕೊಡಬೇಕಾದವನು ಮಾತ್ರವಲ್ಲದೆ ಸಾಲ ಬರಬೇಕಾದವನೂ ಒಮ್ಮೊಮ್ಮೆ ತನ್ನ ಪುಸ್ತಕವನ್ನು ಮರೆಯಾಗಿ ಇಟ್ಟುಕೊಳ್ಳುವನು.

ಬಾಕಿಯು ಹೇಗೆ ಹುಟ್ಟಿತೆಂಬುದನ್ನು ತಿಳಿಯಲು ಸ್ವಲ್ಪ ವಿಜ್ಞಾನವು ಬೇಕು. ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಇದನ್ನು ಹೇಳುವಾಗ ಯೂನಿಸ್ ಫೂಟ್ ಎಂಬ ಅಮೆರಿಕದ ಮಹಿಳೆಯ ಹೆಸರನ್ನು ಬಿಡಲಾಗದು. ಈಕೆಯು ಗಾಜಿನ ನಳಿಗೆಗಳಲ್ಲಿ ಬೇರೆ ಬೇರೆ ವಾಯುಗಳನ್ನು ತುಂಬಿ, ಒಳಗೆ ಉಷ್ಣಮಾಪಕಗಳನ್ನು ಇಟ್ಟು, ಬಿಸಿಲಿನಲ್ಲಿ ಇರಿಸಿ ನೋಡಿದಳು. ಇಂಗಾಲಾಮ್ಲ ವಾಯುವನ್ನು ತುಂಬಿದ ನಳಿಗೆಯು ಎಲ್ಲಕ್ಕಿಂತ ಹೆಚ್ಚಾಗಿ ಕಾದು, ನೆರಳಿಗೆ ತಂದ ಮೇಲೆಯೂ ಬಹಳ ಹೊತ್ತು ಆರದೆ ಇದ್ದುದನ್ನು ಕಂಡು, ಇಂತಹ ವಾಯುವು ಹೆಚ್ಚಾದ ಭೂಮಿಯು ಹೆಚ್ಚು ಬಿಸಿಯಾಗಿರುವುದೆಂದು ಊಹಿಸಿದಳು. ಇದು 1856ನೆಯ ಇಸವಿಯ ಮಾತು. ಆಲ್ಬನಿ ಪಟ್ಟಣದಲ್ಲಿ ಸೇರಿದ್ದ ವಿಜ್ಞಾನಿಗಳ ಸಭೆಯಲ್ಲಿ ಆಕೆಯ ಲೇಖನವನ್ನು ಓದಿದವರು ಜೋಸೆಫ್ ಹೆನ್ರಿ ಎಂಬ ಪುರುಷರು. ಅನಂತರ ಒಂದೂವರೆ ಶತಮಾನ ಆಕೆಯನ್ನು ಹೆಚ್ಚಾಗಿ ಯಾರೂ ನೆನೆಯಲಿಲ್ಲ; ಕೀರ್ತಿಯೆಲ್ಲಾ ಮೂರು ವರ್ಷಗಳ ತರುವಾಯ ಇಂಥದೇ ಪರೀಕ್ಷೆಗಳನ್ನು ಇನ್ನೂ ಸೂಕ್ಷ್ಮವಾಗಿ ನಡೆಯಿಸಿದ ಟಿಂಡಲ್ ಪಂಡಿತನಿಗೆ ಸಂದಿತು.

ಈ ವಾಯುವಿನ ಒಂದು ಗುಣವೇ ಎಲ್ಲಾ ಜಗಳಕ್ಕೂ ಮೂಲವಾಗಿರುವುದು. ಅಡಿಗೆಮನೆಯ ಹೊಗೆಯು ಕಿಟಕಿ ತೆರೆದರೆ ಹೋಗುವುದು, ಇದು ಹಾಗಲ್ಲ. ಒಂದು ಸಲ ಆಕಾಶಕ್ಕೆ ಏರಿದರೆ ಅದರ ಒಂದು ದೊಡ್ಡ ಭಾಗವು ಶತಮಾನಗಳ ಕಾಲ ಅಲ್ಲಿಯೇ ನಿಲ್ಲುವುದು. ಮ್ಯಾಂಚೆಸ್ಟರಿನ ಗಿರಣಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಸುಟ್ಟ ಕಲ್ಲಿದ್ದಲಿನ ಪಾಲು ಇಂದಿನ ಬಿಸಿಲಿನಲ್ಲಿಯೂ ಇದೆ. ಉಗಿಯಂತ್ರಗಳ ಕಾಲಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಈ ವಾಯುವಿನವು ಸುಮಾರು 280 ಇದ್ದುವು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಎಂಬವರು ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಅಳೆಯಲು ತೊಡಗಿದಾಗ 315ರಷ್ಟು ಆಗಿದ್ದುವು. 2024ರಲ್ಲಿ 420ನ್ನು ಮೀರಿದ್ದುವು. ಅದೇ 2024ನೆಯ ವರ್ಷವು, ಹಿಂದಿನ ಕಾಲದ ತಾಪಕ್ಕಿಂತ ಒಂದೂವರೆ ಡಿಗ್ರಿ ಸೆಂಟಿಗ್ರೇಡನ್ನು ಮೀರಿದ ಮೊದಲ ವರ್ಷವೆಂದು ಲೋಕದ ಹವಾಮಾನ ಸಂಸ್ಥೆಯು ಪ್ರಕಟಿಸಿತು.

ನಮ್ಮ ಹಳ್ಳಿಗಳ ಹಗೇವನ್ನು ನೋಡಿದವರಿಗೆ ಇದನ್ನು ಹೀಗೆ ಹೇಳಬಹುದು. ನಾಲ್ವರು ಅಣ್ಣತಮ್ಮಂದಿರಿಗೆ ಸೇರಿದ ಒಂದು ರಾಗಿಯ ಹಗೇವು ಇದೆಯೆಂದು ಇಟ್ಟುಕೊಳ್ಳಿ. ಹಿರಿಯನು ಮೊದಲೇ ಬಾಯಿ ತೆರೆದು ಬಹಳ ವರ್ಷ ಉಂಡು, ಮನೆ ಕಟ್ಟಿ, ಮಕ್ಕಳ ಮದುವೆ ಮಾಡಿ ಮುಗಿಸಿದನು. ಕಿರಿಯರು ದೊಡ್ಡವರಾಗಿ ಮೊರ ಹಿಡಿದು ಬರುವ ಹೊತ್ತಿಗೆ, “ತಳವು ಕಾಣುತ್ತಿದೆ, ಇನ್ನು ಮೇಲೆ ಎಲ್ಲರೂ ಸಮನಾಗಿ ಮಿತಮಾಡೋಣ” ಎಂದನು. ತಳವು ಕಾಣುತ್ತಿರುವುದು ನಿಜವೇ; ಹಿರಿಯನು ಸುಳ್ಳು ಹೇಳಲಿಲ್ಲ. ಆದರೆ ‘ಸಮನಾಗಿ’ ಎಂಬ ಆ ಮಾತನ್ನು ಕೇಳಿ ಕಿರಿಯರಿಗೆ ಕೋಪ ಬಂದರೆ ಅದನ್ನು ಹಟವೆನ್ನಲಾದೀತೆ?

ಅಂಕಿಗಳು ಇದನ್ನೇ ಹೇಳುವುವು. ಕಲ್ಲಿದ್ದಲು ಎಣ್ಣೆಗಳನ್ನು ಸುಟ್ಟು ಈವರೆಗೆ ಆಕಾಶಕ್ಕೆ ಬಿಟ್ಟ ಇಂಗಾಲಾಮ್ಲ ವಾಯುವಿನಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ಅಮೆರಿಕಾ ಸಂಯುಕ್ತ ಸಂಸ್ಥಾನವೊಂದರದೇ. ಲೋಕದ ಜನರಲ್ಲಿ ಆರರಲ್ಲೊಂದಕ್ಕಿಂತ ಹೆಚ್ಚಿನ ಪಾಲು ಇರುವ ಭಾರತದ್ದು ನೂರಕ್ಕೆ ಮೂರು ನಾಲ್ಕರಷ್ಟು. ಈಗಲೂ ವರ್ಷಕ್ಕೆ ತಲೆಯೊಂದಕ್ಕೆ ಅಮೆರಿಕದವರು ಸುಮಾರು 14 ಟನ್ನು, ನಾವು ಸುಮಾರು 2 ಟನ್ನು ಬಿಡುತ್ತಿರುವೆವು. 1991ರಲ್ಲಿ ದೆಹಲಿಯ ಅನಿಲ್ ಅಗರವಾಲರೂ ಸುನೀತಾ ನಾರಾಯಣ್ ಅವರೂ ಸೇರಿ ಒಂದು ಚಿಕ್ಕ ಪುಸ್ತಕವನ್ನು ಪ್ರಕಟಿಸಿ, ಹೊಟ್ಟೆಪಾಡಿನ ಹೊಗೆಯನ್ನೂ ಭೋಗದ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲವೆಂದು ವಾದಿಸಿದರು. ಬತ್ತದ ಗದ್ದೆಯಿಂದ ಏಳುವ ವಾಯುವೂ ಮೋಟಾರುಗಾಡಿಯ ಬಾಲದಿಂದ ಬರುವ ವಾಯುವೂ ಆಕಾಶಕ್ಕೆ ಒಂದೇ ಬಗೆಯ ಹೊರೆಯಾಗಬಹುದು, ನೀತಿಗೆ ಒಂದೇ ಅಲ್ಲ. ಈ ವಾದಕ್ಕೆ ಸಮರ್ಪಕವಾದ ಉತ್ತರವನ್ನು ನಾನು ಈವರೆಗೆ ಎಲ್ಲಿಯೂ ಓದಿಲ್ಲ.

1992ರಲ್ಲಿ ರಿಯೋ ನಗರದಲ್ಲಿ ಮಾಡಿಕೊಂಡ ಒಡಂಬಡಿಕೆಯು ಈ ನ್ಯಾಯವನ್ನು ಒಪ್ಪಿಕೊಂಡಿತು: ಹೊಣೆಯು ಎಲ್ಲರದೂ ಹೌದು, ಆದರೆ ಅವರವರ ಪಾಲು ಬೇರೆ ಬೇರೆ. ಹಿಂದುಳಿದವರಿಗಿಂತ ಮೊದಲು ಮುಂದುವರಿದ ದೇಶಗಳು ಹೆಜ್ಜೆಯಿಡಬೇಕೆಂದು ಅಲ್ಲಿ ಬರೆಯಲಾಯಿತು. 1997ರಲ್ಲಿ ಜಪಾನಿನ ಕ್ಯೋಟೋ ನಗರದಲ್ಲಿ ಅದಕ್ಕೆ ಅಂಕಿಯನ್ನೂ ಇಟ್ಟರು. 1990ರಲ್ಲಿ ಇದ್ದುದಕ್ಕಿಂತ ನೂರಕ್ಕೆ ಸುಮಾರು ಐದರಷ್ಟನ್ನು ಮುಂದುವರಿದ ದೇಶಗಳು 2012ರೊಳಗೆ ತಗ್ಗಿಸತಕ್ಕದ್ದೆಂದು ಕರಾರಾಯಿತು. ಆದರೆ ಕ್ಯೋಟೋ ಸಭೆಗೆ ಐದು ತಿಂಗಳ ಮೊದಲೇ ಅಮೆರಿಕದ ಸೆನೆಟ್ ಸಭೆಯು, ಬಡರಾಷ್ಟ್ರಗಳಿಗೂ ಕಟ್ಟುಪಾಡು ಇಲ್ಲದ ಯಾವ ಕರಾರನ್ನೂ ಒಪ್ಪಕೂಡದೆಂದು 95 ಮತಗಳಿಂದ ನಿರ್ಣಯ ಮಾಡಿತ್ತು. ವಿರುದ್ಧವಾಗಿ ಒಂದು ಮತವೂ ಬೀಳಲಿಲ್ಲ. 2001ರಲ್ಲಿ ಅಧ್ಯಕ್ಷ ಬುಷ್ ಅವರು ಕ್ಯೋಟೋವನ್ನು ಕೈಬಿಟ್ಟರು. ಕೆನಡಾ ದೇಶವು ಒಪ್ಪಿ ರುಜು ಹಾಕಿ, ಮಾತು ನಡೆಯಿಸಲಾರದೆ, 2011ರಲ್ಲಿ ಹೊರಬೀಳುವುದಾಗಿ ತಿಳಿಸಿತು. ಪ್ಯಾರಿಸ್ ಒಡಂಬಡಿಕೆಯ ಕಥೆಯೂ ಬೇರೆಯಲ್ಲ. ಅಮೆರಿಕವು ಅದರಲ್ಲಿ ಸೇರಿ, 2020ರಲ್ಲಿ ಹೊರಬಿದ್ದು, 2021ರಲ್ಲಿ ಮತ್ತೆ ಸೇರಿ, 2025ರ ಜನವರಿ 20ರಂದು ಮತ್ತೆ ಹೊರಡುವ ಆಜ್ಞೆಯನ್ನು ಹೊರಡಿಸಿತು. ಹೀಗೆ ಹೋಗಿ ಬಂದು ಮಾಡುವವರ ಮಾತನ್ನು ನಂಬಿ ಬಡದೇಶವೊಂದು ಇಪ್ಪತ್ತು ವರ್ಷಗಳ ಯೋಜನೆಯನ್ನು ಹೇಗೆ ಹಾಕಿಕೊಳ್ಳಬೇಕು?

ಇಷ್ಟು ಹೇಳಿದ ಮೇಲೆ ಎದುರು ಪಕ್ಷದವರ ಮಾತನ್ನೂ ಕೇಳಬೇಕು. 1992ರ ಪಟ್ಟಿಯಲ್ಲಿ ಹಿಂದುಳಿದ ದೇಶವೆಂದು ಎಣಿಸಲ್ಪಟ್ಟ ಚೀನಾ ಈಗ ವರ್ಷವೊಂದರಲ್ಲಿ ಲೋಕದ ಇಂಗಾಲಾಮ್ಲದಲ್ಲಿ ಹೆಚ್ಚು ಕಡಮೆ ಮೂರರಲ್ಲೊಂದು ಪಾಲನ್ನು ಬಿಡುತ್ತಿದೆ. ತಲೆಯ ಲೆಕ್ಕದಲ್ಲಿಯೂ ಯೂರೋಪಿನವರನ್ನು ಮೀರಿದೆ. ಕತಾರ್, ಸೌದಿ ಅರೇಬಿಯಾ, ಸಿಂಗಪುರ ಇವೂ ಆ ಹಳೆಯ ಪಟ್ಟಿಯ ಪ್ರಕಾರ ನಮ್ಮ ಸಾಲಿನವೇ. ಮೂವತ್ತು ವರ್ಷಗಳಲ್ಲಿ ಸಿರಿವಂತರಾದವರು ಬಡವರ ಪಂಕ್ತಿಯಲ್ಲಿಯೇ ಕುಳಿತು ಎಲೆ ಹಾಕಿಸಿಕೊಳ್ಳುವುದನ್ನು ಕಂಡು ಯೂರೋಪಿನವರು ಆಕ್ಷೇಪಿಸಿದರೆ ಅದು ಕೇವಲ ನೆಪವೆಂದು ತಳ್ಳಿಹಾಕಲಾಗದು.

ಈ ಸಭೆಗಳಲ್ಲಿ ಜಗಳವು ಅನೇಕವೇಳೆ ಒಂದೊಂದು ಪದದ ಮೇಲೆ ನಿಲ್ಲುವುದು. ವ್ಯಾಕರಣದ ಉಪಾಧ್ಯಾಯಿನಿಯರಿಗೆ ಇದು ಸಂತೋಷವನ್ನು ಕೊಡಬಹುದು. 2015ರ ಡಿಸೆಂಬರ್ 12ರಂದು ಪ್ಯಾರಿಸ್ಸಿನಲ್ಲಿ ಕೊನೆಯ ಗಳಿಗೆಯಲ್ಲಿ ಎಲ್ಲರೂ ಕಾಯುತ್ತ ಕುಳಿತಿರಲು, ಮುಂದುವರಿದ ದೇಶಗಳು ಹೊಗೆಯನ್ನು ‘ತಗ್ಗಿಸತಕ್ಕದ್ದು’ ಎಂಬ ಅರ್ಥದ ಪದವು ಕರಡಿನಲ್ಲಿ ಬಿದ್ದಿರುವುದನ್ನು ಅಮೆರಿಕದವರು ಕಂಡರು. ಹಾಗಿದ್ದರೆ ಅದು ಸೆನೆಟ್ ಸಭೆಯ ಮುಂದೆ ಹೋಗಬೇಕಾಗುತ್ತಿತ್ತು, ಹೋದರೆ ಉಳಿಯುತ್ತಿರಲಿಲ್ಲ. ಬೆರಳಚ್ಚಿನ ದೋಷವೆಂದು ಹೇಳಿ ಅದನ್ನು ‘ತಗ್ಗಿಸುವುದು ಉಚಿತ’ ಎಂಬ ಅರ್ಥಕ್ಕೆ ತಿದ್ದಿದರು, ಒಡಂಬಡಿಕೆಯು ಉಳಿಯಿತು. 2018ರಲ್ಲಿ ಪೋಲೆಂಡಿನ ಕಟೋವಿಟ್ಸೆ ಪಟ್ಟಣದಲ್ಲಿ, ಒಂದೂವರೆ ಡಿಗ್ರಿಯ ಅಪಾಯವನ್ನು ಕುರಿತ ವಿಜ್ಞಾನಿಗಳ ವರದಿಯನ್ನು ಸಭೆಯು ‘ಸ್ವಾಗತಿಸುವುದು’ ಎಂದು ಬರೆಯಲು ಸೌದಿ ಅರೇಬಿಯಾ, ಅಮೆರಿಕಾ, ರಷ್ಯಾ, ಕುವೈತ್ ಈ ನಾಲ್ಕು ದೇಶಗಳು ಒಪ್ಪದೆ, ‘ಗಮನಿಸುವುದು’ ಎಂದರೆ ಸಾಕೆಂದುವು. ಕೇಳಿ ಬರೆಯಿಸಿಕೊಂಡ ವರದಿಯನ್ನು ಬಾಗಿಲಲ್ಲಿ ನಿಲ್ಲಿಸಿ ಮಾತನಾಡಿಸಿದಂತೆ ಆಯಿತು.

ನಮ್ಮ ದೇಶಕ್ಕೆ ಸಂಬಂಧಪಟ್ಟ ಪದವು 2021ರ ನವೆಂಬರಿನಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಬಂದಿತು. ಕಲ್ಲಿದ್ದಲಿನ ವಿದ್ಯುತ್ತನ್ನು ಕ್ರಮವಾಗಿ ‘ತೊಲಗಿಸುವುದು’ ಎಂದು ಕರಡಿನಲ್ಲಿ ಇತ್ತು. ಕೊನೆಯ ದಿನ ಭಾರತದ ಪರಿಸರ ಮಂತ್ರಿ ಭೂಪೇಂದ್ರ ಯಾದವರು ಎದ್ದು, ‘ತಗ್ಗಿಸುವುದು’ ಎಂದಾಗಬೇಕೆಂದು ಕೇಳಿ ತಿದ್ದಿಸಿದರು. ಸಭಾಧ್ಯಕ್ಷರಾಗಿದ್ದ ಆಲೋಕ್ ಶರ್ಮರು ಕಣ್ಣೀರು ತಡೆದುಕೊಳ್ಳಬೇಕಾಯಿತು. ಲೋಕದ ಪತ್ರಿಕೆಗಳು ಭಾರತವನ್ನು ಬಯ್ದುವು. ಆ ಬೈಗುಳದಲ್ಲಿ ಅನ್ಯಾಯವಿತ್ತೆಂದು ನಾನು ಈಗಲೂ ಹೇಳುವೆನು. ಮೂರೇ ದಿನಗಳ ಮುಂಚೆ ಅಮೆರಿಕವೂ ಚೀನಾವೂ ಕೂಡಿ ಹೊರಡಿಸಿದ ಹೇಳಿಕೆಯಲ್ಲಿ ಚೀನಾದ ಕಲ್ಲಿದ್ದಲಿಗೆ ‘ತಗ್ಗಿಸುವುದು’ ಎಂಬ ಅದೇ ಪದವೇ ಇತ್ತು. ಅದೂ ಅಲ್ಲದೆ ಆ ನಿರ್ಣಯದಲ್ಲಿ ಕಲ್ಲಿದ್ದಲಿನ ಹೆಸರು ಇತ್ತೇ ಹೊರತು ಎಣ್ಣೆ ಅನಿಲಗಳನ್ನು ತಗ್ಗಿಸುವ ಮಾತು ಇರಲಿಲ್ಲ. ನಮಗೆ ನೆಲದಲ್ಲಿ ದೊರಕುವುದು ಕಲ್ಲಿದ್ದಲು. ಅವರಿಗೆ ದೊರಕುವುದು ಎಣ್ಣೆ ಮತ್ತು ಅನಿಲ. ನೆರೆಯವನ ಮನೆಯ ಒಲೆಯನ್ನು ಆರಿಸಲು ಎಲ್ಲರಿಗೂ ಉತ್ಸಾಹವಿರುವುದು.

ಆದರೆ ಅಂದು ಆ ಸಭೆಯಲ್ಲಿ ದುಃಖಪಟ್ಟು ಮಾತನಾಡಿದವರಲ್ಲಿ ಸಿರಿವಂತರಲ್ಲದವರೂ ಇದ್ದರು. ಮಾರ್ಷಲ್ ದ್ವೀಪಗಳ ಪ್ರತಿನಿಧಿಯಾಗಿದ್ದ ಟೀನಾ ಸ್ಟೀಗೆ ಎಂಬ ಮಹಿಳೆಯೂ ಫಿಜಿಯವರೂ ಆ ಬದಲಾವಣೆಯಿಂದ ತಮಗಾದ ನೋವನ್ನು ಎಲ್ಲರೆದುರಿಗೆ ಹೇಳಿದರು. ಇವರು ನಮಗೆ ವಿರೋಧಿಗಳಲ್ಲ. ಇವರ ಬಾಕಿಯು ನಮ್ಮದಕ್ಕಿಂತ ದೊಡ್ಡದು. ಇವರ ವಿಷಯದಲ್ಲಿ ನಮ್ಮ ವಾದವು ಸೋಲುವುದೆಂಬುದು ನನ್ನ ಅಭಿಪ್ರಾಯ. ಈ ಲೇಖನವನ್ನು ಬರೆಯಲು ತೊಡಗಿದುದೂ ಅದಕ್ಕಾಗಿಯೇ.

ಶಾಂತ ಮಹಾಸಾಗರದಲ್ಲಿ ತುವಾಲು ಎಂಬ ದೇಶವುಂಟು. ಒಂಬತ್ತು ಚಿಕ್ಕ ದ್ವೀಪಗಳು, ಸುಮಾರು 11,000 ಮಂದಿ ಜನರು. ಸಮುದ್ರದ ಮಟ್ಟಕ್ಕಿಂತ ಐದು ಮೀಟರು ಎತ್ತರವಾದ ನೆಲವು ಅಲ್ಲಿ ಇಲ್ಲ. ಗ್ಲಾಸ್ಗೋ ಸಭೆಗೆ ಅದರ ಮಂತ್ರಿ ಸೈಮನ್ ಕೋಫೆಯವರು ಮೊಣಕಾಲುದ್ದ ಸಮುದ್ರದ ನೀರಿನಲ್ಲಿ ಮೇಜಿಟ್ಟು ನಿಂತು ಮಾಡಿದ ಭಾಷಣದ ಚಿತ್ರವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. 2023ರಲ್ಲಿ ತುವಾಲು ಆಸ್ಟ್ರೇಲಿಯದೊಡನೆ ಒಂದು ಕರಾರು ಮಾಡಿಕೊಂಡಿತು. ಅದರ ಮೇರೆಗೆ ವರ್ಷಕ್ಕೆ 280 ಮಂದಿ ಅಲ್ಲಿಗೆ ಹೋಗಿ ನೆಲೆಸಬಹುದು. 2025ರಲ್ಲಿ ಮೊದಲನೆಯ ಸಲ ಚೀಟಿ ಎತ್ತಲು ಹೆಸರು ಕರೆದಾಗ ದೇಶದ ಜನರಲ್ಲಿ ಬಹುಭಾಗದವರು ಹೆಸರು ಕೊಟ್ಟರು. ಮಕ್ಕಳು ಹುಟ್ಟಿದ ಊರನ್ನು ಬಿಡಲು ಚೀಟಿ ಎತ್ತಿಸುವ ದೇಶವನ್ನು ಚರಿತ್ರೆಯಲ್ಲಿ ನಾವು ಇದಕ್ಕೆ ಮುಂಚೆ ಓದಿದ್ದೆವೆ? ಹಾಗೆ ಬಾಗಿಲು ತೆರೆದ ಆಸ್ಟ್ರೇಲಿಯವು ಲೋಕಕ್ಕೆ ಕಲ್ಲಿದ್ದಲನ್ನು ಮಾರುವ ದೇಶಗಳಲ್ಲಿ ಮುಂದಿನ ಸಾಲಿನದು ಎಂಬುದನ್ನೂ, ಅದನ್ನು ಕೊಳ್ಳುವವರಲ್ಲಿ ನಾವೂ ಇರುವೆವೆಂಬುದನ್ನೂ ಮರೆಯಬಾರದು.

ವನುವಾಟು ಎಂಬುದು ಅಂಥದೇ ಇನ್ನೊಂದು ದ್ವೀಪದೇಶ. ಮುಳುಗುವವರಿಗೆ ಪರಿಹಾರ ಕೊಡುವ ನಿಧಿಯೊಂದು ಬೇಕೆಂದು 1991ರಲ್ಲಿಯೇ ಅದು ದ್ವೀಪಗಳ ಪರವಾಗಿ ಕೇಳಿತು. ನಿಧಿಯನ್ನು ಸ್ಥಾಪಿಸಲು ಲೋಕವು ಒಪ್ಪಿದುದು 2022ರಲ್ಲಿ, ಈಜಿಪ್ಟಿನ ಶರ್ಮ್ ಎಲ್ ಶೇಖ್ ಪಟ್ಟಣದಲ್ಲಿ. ಆ ವರ್ಷ ಪಾಕಿಸ್ತಾನದ ಮಹಾಪ್ರವಾಹದಲ್ಲಿ 1,700ರಷ್ಟು ಜನರು ಸತ್ತು, 3 ಕೋಟಿ 30 ಲಕ್ಷ ಜನರು ಕಷ್ಟಕ್ಕೆ ಸಿಕ್ಕಿದ್ದರು. ಆ ದೇಶದ ಮಂತ್ರಿಣಿ ಶೆರ್ರಿ ರೆಹಮಾನ್ ಅವರು ಬಡರಾಷ್ಟ್ರಗಳನ್ನೆಲ್ಲಾ ಕೂಡಿಸಿಕೊಂಡು ಹೋರಾಡಿದುದರಿಂದ ಅಷ್ಟು ಆಯಿತು. ಮರುವರ್ಷ ದುಬೈ ನಗರದಲ್ಲಿ ಆ ನಿಧಿಗೆ ಎಲ್ಲರೂ ಸೇರಿ ಕೊಡುವುದಾಗಿ ಹೇಳಿದ ಹಣವು ಸುಮಾರು 70 ಕೋಟಿ ಡಾಲರು. ಪಾಕಿಸ್ತಾನದ ಆ ಒಂದು ಪ್ರವಾಹದ ನಷ್ಟವನ್ನೇ ಸಾವಿರಾರು ಕೋಟಿ ಡಾಲರುಗಳೆಂದು ಅಂದಾಜು ಮಾಡಿದ್ದರು.

ಇದೇ ಸಾಗರದ ದ್ವೀಪಗಳ ಕೆಲವು ಮಂದಿ ನ್ಯಾಯಶಾಸ್ತ್ರದ ವಿದ್ಯಾರ್ಥಿಗಳು 2019ರಲ್ಲಿ ಒಂದು ಯೋಚನೆ ಮಾಡಿದರು: ಈ ಬಾಕಿಯ ಪ್ರಶ್ನೆಯನ್ನು ಲೋಕದ ನ್ಯಾಯಸ್ಥಾನದ ಮುಂದೆಯೇ ಏಕೆ ಇಡಬಾರದು? ತರಗತಿಯಲ್ಲಿ ಹುಟ್ಟಿದ ಆ ಯೋಚನೆಯನ್ನು ವನುವಾಟು ಸರ್ಕಾರವು ಎತ್ತಿಕೊಂಡು, ವಿಶ್ವಸಂಸ್ಥೆಯ ಮಹಾಸಭೆಯನ್ನು ಒಪ್ಪಿಸಿ, ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದವರೆಗೆ ಕೊಂಡೊಯ್ದಿತು. 2025ರ ಜುಲೈ 23ರಂದು ಆ ನ್ಯಾಯಾಧೀಶರು ಒಮ್ಮತದಿಂದ ಅಭಿಪ್ರಾಯ ಕೊಟ್ಟರು. ಹವಾಗುಣವನ್ನು ಕಾಪಾಡುವುದು ರಾಷ್ಟ್ರಗಳಿಗೆ ಕೇವಲ ಪುಣ್ಯದ ಕೆಲಸವಲ್ಲ, ಕಾನೂನಿನ ಕರ್ತವ್ಯ. ಅದನ್ನು ಮೀರಿದವರು ಪರಿಹಾರಕ್ಕೂ ಗುರಿಯಾಗಬಹುದು. ಅದು ಸಲಹೆಯ ರೂಪದ ಅಭಿಪ್ರಾಯವೇ ಹೊರತು ಡಿಕ್ರಿಯಲ್ಲ, ನಿಜ. ಆದರೂ ವಿದ್ಯಾರ್ಥಿಗಳು ಇಷ್ಟನ್ನು ಮಾಡಬಲ್ಲರೆಂದು ನಮ್ಮ ಹುಡುಗಿಯರು ತಿಳಿದಿರಲೆಂದು ಹೇಳಿದೆನು.

ಆ ನ್ಯಾಯಸ್ಥಾನದಲ್ಲಿ ನಮ್ಮ ದೇಶವು ಏನು ವಾದಿಸಿತು? ಸಿರಿವಂತರ ಹಳೆಯ ಹೊಣೆಯನ್ನು ಎತ್ತಿ ಹೇಳಿತು, ಸರಿಯಾಗಿಯೇ. ಅದರೊಡನೆ, ಈಗಿರುವ ಒಡಂಬಡಿಕೆಗಳಿಗೆ ಮೀರಿ ಹೊಸ ಹೊಣೆಗಳನ್ನು ನ್ಯಾಯಸ್ಥಾನವು ಹುಟ್ಟಿಸಕೂಡದೆಂದೂ ಹೇಳಿತು. ಈ ಎರಡನೆಯ ಮಾತಿನಲ್ಲಿ ನಮ್ಮ ಪಕ್ಕದಲ್ಲಿ ನಿಂತಿದ್ದವರು ಅಮೆರಿಕಾ, ಚೀನಾ, ಸೌದಿ ಅರೇಬಿಯಾ. ದ್ವೀಪಗಳು ಎದುರಿಗೆ ಇದ್ದುವು. 1964ರಲ್ಲಿ ಎಪ್ಪತ್ತೇಳು ಬಡರಾಷ್ಟ್ರಗಳ ಕೂಟವು ಹುಟ್ಟಿದಾಗ ಭಾರತವು ಅದರ ಮೊದಲಿಗರಲ್ಲಿ ಒಂದು. ಆ ಕೂಟದಲ್ಲಿ ಈಗಲೂ ಎಣ್ಣೆಯ ದೊರೆಗಳೂ ಇರುವರು, ಮಾಲ್ದೀವಿನಂತಹ ದ್ವೀಪದವರೂ ಇರುವರು. 2009ರಲ್ಲಿ ಮಾಲ್ದೀವಿನ ಅಧ್ಯಕ್ಷ ನಶೀದರು ತಮ್ಮ ಮಂತ್ರಿಗಳೊಡನೆ ಸಮುದ್ರದ ಅಡಿಯಲ್ಲಿ ಸಭೆ ನಡೆಯಿಸಿ ತಮ್ಮ ಗತಿಯನ್ನು ತೋರಿಸಿದರು. ಒಬ್ಬರ ಆದಾಯವು ಇನ್ನೊಬ್ಬರ ಮುಳುಗಡೆಯಾಗಿರುವ ಕೂಟದಲ್ಲಿ ಐಕಮತ್ಯದ ಹೆಸರಿನಿಂದ ಮೌನವಾಗಿರುವುದು ಎಷ್ಟು ದಿನ?

ಕೋಪನ್‌ಹೇಗನ್ನಿನ ಕಥೆಯು ಇಲ್ಲಿ ನೆನಪಾಗುವುದು. 2009ರಲ್ಲಿ ಚೀನಾ, ಭಾರತ, ಬ್ರೆಜಿಲ್, ದಕ್ಷಿಣ ಆಫ್ರಿಕಾ ಈ ನಾಲ್ಕು ದೇಶಗಳ ಮುಖಂಡರು ಕೂಡಿ ಆಲೋಚಿಸುತ್ತಿದ್ದ ಕೊಠಡಿಗೆ ಅಮೆರಿಕದ ಅಧ್ಯಕ್ಷ ಒಬಾಮರು ತಾವಾಗಿಯೇ ಹೋಗಿ ಸೇರಿಕೊಂಡು ಕರಾರನ್ನು ಮುಗಿಸಿದರು. ಆಗ ನಮ್ಮ ಪರಿಸರ ಮಂತ್ರಿಯಾಗಿದ್ದವರು ಚಿಕ್ಕಮಗಳೂರಿನಲ್ಲಿ ಹುಟ್ಟಿದ ಜೈರಾಂ ರಮೇಶರು. ದೊಡ್ಡವರ ಕೊಠಡಿಯಲ್ಲಿ ನಮಗೂ ಕುರ್ಚಿ ಬಂದಿತೆಂದು ನಾವು ಹಿಗ್ಗಿದೆವು. ತುವಾಲುವಿನವರಿಗೆ ಆ ಕೊಠಡಿಯಲ್ಲಿ ಕುರ್ಚಿ ಇರಲಿಲ್ಲ. ಅವರೂ ಬೊಲಿವಿಯ ಮೊದಲಾದ ದೇಶದವರೂ ಒಪ್ಪದ್ದರಿಂದ ಮಹಾಸಭೆಯು ಆ ಕರಾರನ್ನು ಅಂಗೀಕರಿಸದೆ ‘ಗಮನಿಸಿ’ ಬಿಟ್ಟಿತು.

ಆ ಕರಾರಿನಲ್ಲಿಯೇ ಸಿರಿವಂತ ರಾಷ್ಟ್ರಗಳು 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರು ಒದಗಿಸುವುದಾಗಿ ಹೇಳಿದ್ದುವು. ಅವುಗಳದೇ ಲೆಕ್ಕದ ಪ್ರಕಾರ ಅದು ಪೂರ್ತಿಯಾದುದು ಎರಡು ವರ್ಷ ತಡವಾಗಿ. ಸರ್ಕಾರಗಳು ಕೊಟ್ಟುದರಲ್ಲಿ ಬಹುಪಾಲು ದಾನವಲ್ಲ, ಸಾಲ. 2024ರಲ್ಲಿ ಬಾಕು ಪಟ್ಟಣದಲ್ಲಿ ಬಡರಾಷ್ಟ್ರಗಳು 1,30,000 ಕೋಟಿ ಡಾಲರು ಕೇಳಿದುದಕ್ಕೆ 2035ರ ವೇಳೆಗೆ 30,000 ಕೋಟಿ ಎಂದು ಸುತ್ತಿಗೆ ಬಡಿದು ಮುಗಿಸಿಬಿಟ್ಟರು. ಭಾರತದ ಪರವಾಗಿ ಚಾಂದನಿ ರೈನಾ ಎಂಬ ಅಧಿಕಾರಿಣಿಯು ಎದ್ದು, ಮಾತನಾಡಲು ಅವಕಾಶ ಕೊಡದೆಯೇ ಮುಗಿಸಿದುದನ್ನು ಖಂಡಿಸಿ, ಇದು ಕಣ್ಕಟ್ಟು ಎಂದು ಹೇಳಿದರು. ಆ ಧೈರ್ಯವನ್ನು ಮೆಚ್ಚಿದೆನು. ಇತ್ತ ಯೂರೋಪಿನ ಒಕ್ಕೂಟವು ಉಕ್ಕು, ಅಲ್ಯೂಮಿನಿಯಂ, ಸಿಮೆಂಟು ಮುಂತಾದ ಆಮದು ಸರಕುಗಳ ಮೇಲೆ ಅವನ್ನು ಮಾಡುವಾಗ ಎದ್ದ ಹೊಗೆಗೆ ಅನುಸಾರವಾಗಿ ಹಣ ತೆರಿಸುವ ಕ್ರಮವನ್ನು 2026ರ ಜನವರಿಯಿಂದ ಜಾರಿಗೆ ತಂದಿತು. ಬಳ್ಳಾರಿ ಸೀಮೆಯಲ್ಲಿ ಕಾಯಿಸಿದ ಉಕ್ಕು ಅಲ್ಲಿಗೆ ಹೋದರೆ ಅದಕ್ಕೂ ಈ ಕಟ್ಟಳೆ ತಗಲುವುದು. ಹಳೆಯ ಬಾಕಿಯನ್ನು ಕೊಡದವನು ಹೊಸ ಸುಂಕವನ್ನು ಕೇಳುವುದು ಸೋಜಿಗವೇ ಸರಿ.

ಈಗ ನಮ್ಮ ಮನೆಯ ಪುಸ್ತಕವನ್ನು ತೆಗೆಯೋಣ. ತಲೆಗೆ 2 ಟನ್ನು ಎಂಬುದು ಸರಾಸರಿ. ತಂಪುಯಂತ್ರದ ಕೋಣೆಯಲ್ಲಿ ಮಲಗಿ, ಎರಡು ಮೋಟಾರುಗಾಡಿ ಇಟ್ಟುಕೊಂಡು, ವಿಮಾನದಲ್ಲಿ ಓಡಾಡುವ ಬೆಂಗಳೂರಿನ ಸಂಸಾರವೂ, ಪುರಲೆ ಆಯ್ದು ಒಲೆ ಉರಿಸುವ ಸಂಸಾರವೂ ಆ ಸರಾಸರಿಯಲ್ಲಿ ಒಂದಾಗಿ ಬೆರೆತಿರುವುವು. ಮೊದಲನೆಯ ಸಂಸಾರವು ಎರಡನೆಯದರ ಬಡತನವನ್ನು ಗ್ಲಾಸ್ಗೋದಲ್ಲಿ ಸಾಕ್ಷಿಗೆ ಕರೆಯುವುದು ನನಗೆ ಸರಿಕಾಣದು. ಈ ಪುಟಗಳನ್ನು ಓದುವ ನಮ್ಮಲ್ಲಿ ಹೆಚ್ಚಿನವರು ಮೊದಲನೆಯದಕ್ಕೆ ಹತ್ತಿರದವರೇ.

ನಮ್ಮ ದೇಶವು ಏನನ್ನೂ ಮಾಡಿಲ್ಲವೆಂದಲ್ಲ. ವಿದ್ಯುತ್ತನ್ನು ಹುಟ್ಟಿಸುವ ಯಂತ್ರಸಾಮರ್ಥ್ಯದಲ್ಲಿ ಅರ್ಧವು ಕಲ್ಲಿದ್ದಲು ಎಣ್ಣೆಗಳಲ್ಲದ ಮೂಲಗಳದಾಗಬೇಕೆಂಬ 2030ರ ಗುರಿಯನ್ನು 2025ರಲ್ಲಿಯೇ ಮುಟ್ಟಿತು. ಅದರಲ್ಲಿ ನಮ್ಮ ತುಮಕೂರು ಜಿಲ್ಲೆಯ ಪಾವಗಡದ ಪಾಲೂ ಉಂಟು. ಅಲ್ಲಿ 13,000 ಎಕರೆಗಳಲ್ಲಿ 2,050 ಮೆಗಾವ್ಯಾಟಿನ ಸೌರಶಕ್ತಿಯ ಸ್ಥಾವರವಿದೆ. ಆದರೆ ಯಂತ್ರಸಾಮರ್ಥ್ಯವು ಬೇರೆ, ನಿಜವಾಗಿ ಹರಿಯುವ ವಿದ್ಯುತ್ತು ಬೇರೆ. ಹರಿಯುವುದರಲ್ಲಿ ಸುಮಾರು ಮುಕ್ಕಾಲು ಪಾಲು ಅದೇ 2025ರ ಸುಮಾರಿನಲ್ಲಿಯೂ ಕಲ್ಲಿದ್ದಲಿನದೇ ಆಗಿತ್ತು. ಪಾವಗಡದಲ್ಲಿಯೂ ಒಂದು ಪಾಠವಿದೆ. ಜಮೀನುಳ್ಳವರಿಗೆ ಮೊದಲಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯ ಗೇಣಿ ಗೊತ್ತಾಯಿತು. ಆ ಮಳೆಯಿಲ್ಲದ ಸೀಮೆಯಲ್ಲಿ ಅದು ಸಣ್ಣ ಮಾತಲ್ಲ. ಜಮೀನಿಲ್ಲದೆ ಅದೇ ಹೊಲಗಳಲ್ಲಿ ಕಳೆ ತೆಗೆದು ಬದುಕುತ್ತಿದ್ದ ಹೆಂಗಸಿಗೆ ಗೇಣಿಯ ಕಾಗದದಲ್ಲಿ ಹೆಸರಿರಲಿಲ್ಲ. ಲೋಕದ ಸಭೆಗಳಲ್ಲಿ ನಾವು ಎತ್ತುವ ಪ್ರಶ್ನೆಯನ್ನೇ ಅವಳು ನಮಗೆ ಹಾಕಬಹುದು.

ರಾಷ್ಟ್ರಗಳು ಎಂದಿಗೂ ಕೂಡಲಾರವು ಎಂಬವರಿಗೆ ಒಂದು ಉದಾಹರಣೆಯನ್ನು ಹೇಳಬೇಕಾಗಿದೆ. ಮೇಲಣ ಆಕಾಶದ ಓಜೋನ್ ಪದರವನ್ನು ಶೀತಕಯಂತ್ರಗಳ ಅನಿಲಗಳು ತಿನ್ನುತ್ತಿರುವುದೆಂದು ತಿಳಿದಾಗ 1987ರಲ್ಲಿ ಮಾಂಟ್ರಿಯಲ್ ನಗರದಲ್ಲಿ ಕರಾರಾಯಿತು. ಭಾರತವೂ ಚೀನಾವೂ ಮೊದಲು ಸೇರಲಿಲ್ಲ. ಬದಲಿ ಅನಿಲವನ್ನು ಮಾಡುವ ವಿದ್ಯೆಗೂ ಖರ್ಚಿಗೂ ಯಾರು ಹೊಣೆಯೆಂದು ಕೇಳಿದುವು. 1990ರಲ್ಲಿ ಲಂಡನ್ ಸಭೆಯಲ್ಲಿ, ಆಗ ಮಂತ್ರಿಣಿಯಾಗಿದ್ದ ಮೇನಕಾ ಗಾಂಧಿಯವರು ಮೊದಲಾದವರು ಪಟ್ಟು ಹಿಡಿದ ಮೇಲೆ, ಬಡರಾಷ್ಟ್ರಗಳ ಖರ್ಚಿಗಾಗಿ ಒಂದು ನಿಧಿಯು ಏರ್ಪಟ್ಟಿತು. 1992ರಲ್ಲಿ ಭಾರತವು ಸೇರಿತು. ಮುಂದೆ ಲೋಕದ ಎಲ್ಲಾ ರಾಷ್ಟ್ರಗಳೂ ಸೇರಿದುವು. ಓಜೋನ್ ಪದರವು ಈಗ ಮೆಲ್ಲಮೆಲ್ಲನೆ ಮಾಯುತ್ತಿದೆ. ಅಲ್ಲಿ ವ್ಯಾಪಾರವು ಚಿಕ್ಕದು, ಬದಲಿಯೂ ಬೇಗ ಸಿಕ್ಕಿತು. ಇಲ್ಲಿ ಲೋಕದ ಒಲೆಯನ್ನೇ ಬದಲಾಯಿಸಬೇಕು ಎಂಬುದನ್ನು ಬಲ್ಲೆನು. ಆದರೂ ಅಂದು ಬಾಕಿಯ ಮಾತನ್ನು ಪಕ್ಕಕ್ಕೆ ತಳ್ಳದೆ ಮೇಜಿನ ಮೇಲೆ ಇಟ್ಟು ಎಣಿಸಿ ಕೊಟ್ಟದ್ದರಿಂದಲೇ ಕೆಲಸವಾಯಿತು.

ಆದುದರಿಂದ ಭಾರತವು ಬಾಕಿಯನ್ನು ಕೇಳುವುದನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಇನ್ನೂ ಗಟ್ಟಿಯಾಗಿ ಕೇಳಬೇಕು. ಆದರೆ ಎಣ್ಣೆಯ ದೊರೆಗಳ ಪಕ್ಕದ ಕುರ್ಚಿಯಿಂದ ಎದ್ದು, ದ್ವೀಪದವರ ಪಕ್ಕದಲ್ಲಿ ಕುಳಿತು ಕೇಳಬೇಕು. ಕಲ್ಲಿದ್ದಲು ಮಾತ್ರವಲ್ಲದೆ ಎಣ್ಣೆ ಅನಿಲಗಳೂ ತೊಲಗಲೆಂದು, ನಮಗೆ ಇಂತಿಷ್ಟು ವರ್ಷಗಳು ಇಂತಿಷ್ಟು ಹಣ ಬೇಕೆಂದು, ಎಲ್ಲರಿಗೂ ಕಾಣುವಂತೆ ಬರೆದುಕೊಡಬೇಕು. ಮತ್ತು 2070 ಎಂದು ಹೇಳಿದರೆ ಸಾಲದು. 2035ಕ್ಕೆ, 2040ಕ್ಕೆ ಕಲ್ಲಿದ್ದಲು ಎಷ್ಟು ಎಂಬುದನ್ನು ನಮ್ಮ ಪಾರ್ಲಿಮೆಂಟಿನಲ್ಲಿ ನಮ್ಮ ಪ್ರತಿನಿಧಿಗಳು ಕೇಳಬೇಕು. ಓಟು ಕೇಳಲು ಮನೆಗೆ ಬರುವವರನ್ನು ರಸ್ತೆ, ನಲ್ಲಿಗಳ ವಿಷಯ ವಿಚಾರಿಸುವಂತೆ ಈ ಮಾತನ್ನೂ ವಿಚಾರಿಸಿದ ಮನೆಗಳು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಎಷ್ಟಿವೆಯೋ ತಿಳಿಯದು.

2026ರ ನವೆಂಬರಿನ ಸಭೆಯು ತುರ್ಕಿಯ ಅಂತಾಲ್ಯ ನಗರದಲ್ಲಿ ಸೇರಬೇಕೆಂದೂ, ಮಾತುಕತೆಗಳ ಮುಖ್ಯಸ್ಥಾನವು ಆಸ್ಟ್ರೇಲಿಯದ್ದಾಗಬೇಕೆಂದೂ, ಅದಕ್ಕೆ ಮುಂಚಿನ ಸಿದ್ಧತೆಯ ಸಭೆಯನ್ನು ಶಾಂತಸಾಗರದ ದ್ವೀಪವೊಂದರಲ್ಲಿ ನಡೆಯಿಸಬೇಕೆಂದೂ ಬೆಲೆಮಿನಲ್ಲಿ ಗೊತ್ತಾಯಿತು. ಅಂತಾಲ್ಯದ ಸುದ್ದಿಯನ್ನು ಓದುವಾಗ ಹೊರಬಿದ್ದ ನಿರ್ಣಯವನ್ನು ಮಾತ್ರ ನೋಡಬೇಡಿರಿ. ದ್ವೀಪಗಳ ಪ್ರತಿನಿಧಿಯು ಎದ್ದು ಮಾತನಾಡಿದ ಮೇಲೆ ಯಾವ ಯಾವ ದೇಶಗಳು ಅದನ್ನು ಅನುಮೋದಿಸಿದುವು, ಅವುಗಳಲ್ಲಿ ನಮ್ಮದೂ ಇದೆಯೇ ಎಂಬುದನ್ನು ಹುಡುಕಿ ಓದಿರಿ.